ಎಡಗಾಲಿನ ಕಿರುಬೆರಳಿನ ಜಾಗ

ವೇದಿಕೆಯ ಮೇಲಿರುವ ಹಿರಿಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಯವರೇ, ಮಕ್ಕಳೇ, ಹೊಲಿಗೆ ವಿಭಾಗದ, ಅಂಟು ವಿಭಾಗದ ನನ್ನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ — ಹಾಗೂ ಇಷ್ಟು ದೊಡ್ಡ ಹೂವಿನ ಹಾರ ತಂದಿರುವ ಕಂಪನಿಯ ಪ್ರತಿನಿಧಿಗಳೇ, ಎಲ್ಲರಿಗೂ ನಮಸ್ಕಾರ.

ನಮ್ಮ ಕಾರ್ಖಾನೆಯ ಪ್ರತಿ ಬೂಟೂ ಒಂದು ಮರದ ಪಾದದ, ಅಂದರೆ ಅಚ್ಚಿನ ಮೇಲೆ ಕುಳಿತು ಆಕಾರ ಪಡೆಯುತ್ತಿತ್ತು. ಆ ಪಾದ ಕೆತ್ತುತ್ತಿದ್ದವರು ಇಲ್ಲಿ ಫೋಟೋದಲ್ಲಿರುವ ಇವರು. ಅದಕ್ಕೇ ನಮ್ಮೆಲ್ಲರ ಬಾಯಲ್ಲಿ ಅಚ್ಚಣ್ಣ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಮನುಷ್ಯ. ಸಮುದ್ರದಾಚೆಯ ಕಂಪನಿ ಕಾರ್ಖಾನೆಯನ್ನು ಕೊಂಡಾಗ ಸಭೆ ಕರೆದು, "ಇನ್ನು ನಾವೆಲ್ಲ ಒಂದೇ ಕುಟುಂಬ" ಎಂದರು. ನಾವು ಚಪ್ಪಾಳೆ ತಟ್ಟಿದೆವು — ಹೌದು, ಜೋರಾಗಿಯೇ ತಟ್ಟಿದೆವು. ಅಚ್ಚಣ್ಣ ನನ್ನ ಪಕ್ಕೆ ತಿವಿದು, "ಕುಟುಂಬ ಸರಿ ಕಣಯ್ಯ, ಇದರಲ್ಲಿ ದಾಯಾದಿ ಯಾರು?" ಎಂದು ಕೇಳಿದರು.

ಆಮೇಲೆ ಅಚ್ಚುಗಳನ್ನೆಲ್ಲ ಪ್ರದರ್ಶನಕ್ಕೆಂದು ಪೆಟ್ಟಿಗೆ ಕಟ್ಟಿ ಒಯ್ದರು. "ವಾಪಸ್ ಯಾವಾಗ ಸ್ವಾಮಿ?" "ಬರ್ತವೆ, ಬರ್ತವೆ."

ಬಂದದ್ದು ಅಚ್ಚಲ್ಲ — ಬೂಟು. ಎಲ್ಲೋ ಯಾರೋ ಹೊಲಿದ ಬೂಟು. ನಮಗೆ ಉಳಿದ ಕೆಲಸ ಲೇಸು ಪೋಣಿಸಿ ಡಬ್ಬಿಗೆ ಹಾಕುವುದು. ಅಂಟು ವಿಭಾಗಕ್ಕೆ ಬೀಗ. ಗೇಟಿನೆದುರಿನ ಟೀ ಅಂಗಡಿಯವನೂ ಒಲೆ ಆರಿಸಿದ. ಬೂಟು ಅಗ್ಗವಾಯಿತು, ಸುಳ್ಳು ಹೇಳಲಾರೆ. ಕೊಳ್ಳುವ ನಮ್ಮ ಜೇಬು ಅದಕ್ಕಿಂತ ಬೇಗ ಖಾಲಿಯಾಯಿತು.

ವಿನ್ಯಾಸವೆಲ್ಲ ತಮ್ಮದೇ, ಕಂಪ್ಯೂಟರಿನಲ್ಲಿ ಮಾಡಿದ್ದು ಎಂದರು ಕಂಪನಿಯವರು. ಅಚ್ಚಣ್ಣ ಒಂದು ಎಡಗಾಲಿನ ಬೂಟು ತೆಗೆದುಕೊಂಡು ಒಳಗೆ ಕೈ ಹಾಕಿದರು — ಹೀಗೆ, ಕಣ್ಣು ಮುಚ್ಚಿಕೊಂಡು. ಬೆರಳಾಡಿಸಿದರು. ಬಿದ್ದು ಬಿದ್ದು ನಗತೊಡಗಿದರು.

"ಲೋ, ಇದರೊಳಗೆ ನನ್ನ ಬಾಮೈದ ಇದಾನೆ ಕಣ್ರೋ!"

ಬಾಮೈದ ಅಲ್ಲೇ ಮೂರನೇ ಸಾಲಿನಲ್ಲಿದ್ದಾರೆ. ಅವರ ಎಡಗಾಲಿನ ಕಿರುಬೆರಳು ಹೊರಕ್ಕೆ ಚಾಚಿದೆ. ಅಚ್ಚು ಕೆತ್ತುವಾಗ ಅಚ್ಚಣ್ಣ, "ಮನೇಲೇ ಕಾಲಿರುವಾಗ ಹೊರಗ್ಯಾಕೆ ಹುಡುಕ್ಲಿ" ಎಂದು ಅವರ ಪಾದವನ್ನೇ ಅಳತೆಗೆ ಇಟ್ಟುಕೊಂಡಿದ್ದರು. ಎಡ ಅಚ್ಚಿಗೆ ಒಂದು ಉಬ್ಬು ಉಳಿದುಬಿಟ್ಟಿತು. ತಪ್ಪೇ. "ಬಿಡು, ಯಾರಿಗಾದ್ರೂ ಆರಾಮಾಗುತ್ತೆ" ಎಂದು ತಿದ್ದಲಿಲ್ಲ.

ಹಾಗಾದರೆ ಕಂಪ್ಯೂಟರಿಗೂ ಒಬ್ಬ ಬಾಮೈದ ಇದ್ದನೇ? ಅವನಿಗೂ ಅದೇ ಕಿರುಬೆರಳೇ? ಅಂದೇ ಕೇಳಿದೆವು. ಉತ್ತರ ಇವತ್ತಿಗೂ ಬಂದಿಲ್ಲ.

ಮೊನ್ನೆ, ಅಚ್ಚಣ್ಣ ತೀರಿಕೊಂಡು ಕಣ್ಣೀರು ಆರುವ ಮೊದಲೇ, ಈ ಕಂಪನಿಯವರು ಅತ್ತಿಗೆಯ ಮನೆಗೆ ಹೋದರು. ಹೊಸ ಬೂಟಿಗೆ ಅಚ್ಚಣ್ಣ ಎಂದೇ ಹೆಸರಿಡುತ್ತಾರಂತೆ. ಡಬ್ಬಿಯ ಮೇಲೆ ಅವರ ಫೋಟೋ. ಗೌರವವಂತೆ! ಅತ್ತಿಗೆ ನನ್ನನ್ನು ಕೇಳಿದರು, "ಏನಪ್ಪಾ, ಒಪ್ಕೊಳ್ಳಲಾ?"

ಎಲ್ಲರೆದುರಿಗೇ ಹೇಳುತ್ತೇನೆ ಅತ್ತಿಗೆ — ಬೇಡ. ಬೂಟು ಹೊಲಿಯುವುದು ಅಲ್ಲಿ, ಬೀಗ ಬೀಳುವುದು ಇಲ್ಲಿ, ನಡುವೆ ಅಚ್ಚಣ್ಣನವರ ಮುಖವೇಕೆ? ಅಚ್ಚು ಹೋಯಿತು. ಹೆಸರಾದರೂ ಮನೆಯಲ್ಲಿರಲಿ. ಮುಂದಿನದು ನಿಮ್ಮ ಇಷ್ಟ.

ಏನಂದಿರಿ ಅತ್ತಿಗೆ? ಇನ್ನೊಂದು ಸಲ —

"ಹೂವು ತಂದಿದಾರೆ, ಇರ್ಲಿ. ಫೋಟೋ ಮಾತ್ರ ಕೊಡಲ್ಲ."

ಕೇಳಿಸಿತಲ್ಲ?

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲೋಣ. ಕಂಪನಿಯವರೇ, ನೀವೂ. ನೀವು ಹಾಕಿಕೊಂಡಿರುವುದು ಅದೇ ಬೂಟು. ನಿಂತಾಗ ಎಡಗಾಲಿನ ಕಿರುಬೆರಳನ್ನು ಸ್ವಲ್ಪ ಹೊರಕ್ಕೆ ಆಡಿಸಿ ನೋಡಿ. ಅಲ್ಲಿ ಒಂಚೂರು ಜಾಗವಿದೆ. ಅದು ಯಾರು ಕೊಟ್ಟದ್ದೆಂದು ನೆನೆಯುತ್ತ — ಮೌನವಾಗಿರೋಣ.