ಮೂರನೆಯ ಕೈ

ಬೆಲ್‌ಗ್ರೇಡಿನ ನಮ್ಮ ಬೀದಿ ಬೇಕರಿಯಲ್ಲಿ ಬೆಳಿಗ್ಗೆ ಬಿಸಿಬಿಸಿ ಬುರೆಕ್‌ಗೆ, ಪದರು ಹಿಟ್ಟಿನೊಳಗೆ ಹೂರಣ ತುಂಬಿ ಬೇಯಿಸಿದ ತಿಂಡಿಗೆ, ಸಾಲು ನಿಂತಿತ್ತು. ನನ್ನ ಮುಂದೆ ಒಬ್ಬ ಹುಡುಗ, ಒಬ್ಬ ಹುಡುಗಿ ಒಂದೇ ಫೋನಿನ ಮೇಲೆ ಬಗ್ಗಿದ್ದರು.

“ಗೆಳೆಯರು ಗೆಳೆಯರ ಜೊತೆ ಬಾಜಿ ಕಟ್ಟೋ ಆ್ಯಪು, ಸರಿ. ಇಬ್ಬರ ಕ್ರಿಪ್ಟೊನೂ ಒಳಗೆ ಭದ್ರವಾಗಿರುತ್ತೆ, ಅದೂ ಸರಿ. ಗೆದ್ದಿದ್ದು ಯಾರು ಅಂತ ಹೇಳೋರು ಯಾರು ದುನ್ಯಾ? ಸೋತವನು ತಾನಾಗೇ ಒಪ್ಕೋತಾನಾ?” ಎಂದ ಹುಡುಗ.

“ನೀನಂತೂ ಒಪ್ಪಲ್ಲ ರೇಲ್ಯಾ. ಅದಕ್ಕೇ ಇದನ್ನ ಮಾಡಿದ್ದು. ನೋಡು, ಎರಡು ಕೈ ಕುಲುಕ್ತಿವೆ.”

“ಒತ್ತೋ ಬಟನ್ ಎಲ್ಲಿ?”

“ಬಟನ್ ಇಲ್ಲ. ಇದು ಮೂರನೇ ಗೆಳೆಯನ ಫೋನಿಗೆ ಹೋಗುತ್ತೆ. ಅವನು ನಡುವೆ ಬೆರಳು ಎಳೆದು ಕೈ ಬಿಡಿಸಿದರೇ ಬಾಜಿ ಪಕ್ಕಾ. ಬಿಡಿಸಿದವನೇ ಸಾಕ್ಷಿ, ತೀರ್ಪು ಹೇಳೋನೂ ಅವನೇ.”

“ಅಯ್ಯೋ, ನಮ್ಮಜ್ಜಂದಿರು ಮಾಡ್ತಿದ್ದ ಹಾಗೇ!”

“ಮತ್ತೆ? ಮೂರನೆಯವರು ಕೈ ಬಿಡಿಸದೇ ಇದ್ರೆ ಅದು ಯಾವ ಸೀಮೆ ಬಾಜಿ?”

“ಭಲೇ ಕಣೇ! ಆದ್ರೂ ಇವತ್ತು ಹೂಡಿಕೆದಾರರಿಗೆ ತೋರಿಸ್ಬೇಕು. ಏನು ಮಾಡ್ಬೇಕು ಅಂತ ಕೆಳಗೆ ಒಂದು ಸಾಲು ಬರೀತೀನಿ, ಇಗೋ, ಬರೆದೆ. ಅದಿಲ್ದೆ ಯಾರಿಗೂ ತಿಳಿಯಲ್ಲ.”

“ಎಲ್ಲರಿಗೂ ತಿಳಿಯುತ್ತೆ. ಬಾಜಿ?”

“ಬಾಜಿ! ಬುರೆಕ್ ದುಡ್ಡು ಸೋತವರದ್ದು.”

ಇಬ್ಬರೂ ಕೈ ಹಿಡಿದುಕೊಂಡು ನಿಂತರು. ದುನ್ಯಾ ಏನೂ ಹೇಳದೆ ತಿರುಗಿ ನನ್ನ ಮುಖ ನೋಡಿದಳು, ಅಷ್ಟೇ. ನಾನು ಮೊಸರಿನ ಬಾಟಲಿಯನ್ನು ಎಡಗೈಗೆ ಬದಲಾಯಿಸಿ, ಬಲಗೈಯಿಂದ ಅವರ ಕೈ ಬಿಡಿಸಿದೆ.

“ಈಗ ಹೇಳಿ ಅಂಕಲ್, ಗೆದ್ದಿದ್ದು ಯಾರು?” ಎಂದಳು.

“ಹೇಳೋದೇನೂ ಬೇಡ,” ಎಂದು ರೇಲ್ಯಾ ಜೇಬಿಗೆ ಕೈ ಹಾಕಿದ.

ಬುರೆಕ್ ಪೊಟ್ಟಣ ಹಿಡಿದು ಅವಳು ಮುಂದೆ ನಡೆದಳು. ಬಾಗಿಲು ದಾಟುವಾಗಲೇ ಅವನು, ತಲೆ ತಗ್ಗಿಸಿ ನಗುತ್ತಾ, ಫೋನಿನಲ್ಲಿ ತಾನು ಬರೆದ ಆ ಸಾಲನ್ನು ಅಳಿಸುತ್ತಿದ್ದ.