ಗಂಟೆಯೊಳಗಿನ ಗೂಡು

ಹಿಂದೆ ಕೂತು ಗುಸುಗುಸು ಮಾತಾಡುತ್ತಿರುವವರು ಸ್ವಲ್ಪ ಇತ್ತ ಗಮನ ಕೊಡಿ. ಈಗ ಹೇಳುವ ಕಥೆ ನಿಮ್ಮ ಮನೆಯದೇ.

ಶ್ರೀಮಂತನೊಬ್ಬನಿದ್ದ. ಯಾವ ಊರಿನವನು, ಹೆಸರೇನು ಅಂತ ಕೇಳಬೇಡಿ. ಹೇಳಿಬಿಟ್ಟರೆ ಅದು ಅವನ ಮನೆಯ ಕಥೆ ಅಂತ ನೀವು ನಿರಾಳವಾಗಿ ಕೂತುಬಿಡುತ್ತೀರಿ. ಪೇಟೆಯಲ್ಲಿ ಅವನದು ತಾಮ್ರ, ಹಿತ್ತಾಳೆ, ಕಂಚಿನ ಸಾಮಾನಿನ ಅಂಗಡಿ. ಕೊಡ, ಹಂಡೆ, ದೀಪದ ಕಂಬ, ಗುಡಿಗೆ ಕಟ್ಟುವ ದೊಡ್ಡ ಗಂಟೆ, ಎಲ್ಲ ಅಲ್ಲಿ ಸಿಗುತ್ತಿತ್ತು. ಅವನಿಗೆ ಒಬ್ಬಳೇ ಮಗಳು. ಆ ಹುಡುಗಿಯ ಬಾಯಿಗೆ ಬೀಗವೇ ಇರಲಿಲ್ಲ. ಬೀದಿಯ ತುದಿಗೆ ಕೇಳುವ ಹಾಗೆ ನಗುತ್ತಿದ್ದಳು. ಕೊಡಕ್ಕೆ ಕುತ್ತಿಗೆ ಯಾಕೆ, ಹಂಡೆಗೆ ಯಾಕಿಲ್ಲ ಅಂತ ಗಿರಾಕಿಗಳನ್ನೇ ಕೇಳುತ್ತಿದ್ದಳು.

ಒಂದು ದಿನ ಈ ಶ್ರೀಮಂತ ಇಂಥದೇ ಒಂದು ಪ್ರವಚನಕ್ಕೆ ಬಂದ. ಅವತ್ತಿನ ದೃಷ್ಟಾಂತ ನಿಮಗೂ ಗೊತ್ತಿರುವುದೇ. ಕಣಜದ ಹುಳ ಯಾವುದೋ ಒಂದು ಹುಳವನ್ನು ತಂದು ಮಣ್ಣಿನ ಗೂಡಿನಲ್ಲಿಡುತ್ತದೆ, ಅದರ ಮುಂದೆ ಗುಂಯ್ ಗುಂಯ್ ಅನ್ನುತ್ತದೆ, ಕೇಳಿ ಕೇಳಿ ಆ ಹುಳವೂ ಕಣಜವೇ ಆಗಿಬಿಡುತ್ತದೆ. ಹಿರಿಯರು ಇದನ್ನು ಹೇಳಿದ್ದು ಯಾಕೆ? ತಾನಾಗಿ ದೇವರನ್ನು ನೆನೆಯುವವನ ಮನಸ್ಸಿನ ಬಗ್ಗೆ ಹೇಳಿದ್ದು. ಶ್ರೀಮಂತ ಏನು ತಿಳಿದುಕೊಂಡ? ಮಕ್ಕಳನ್ನು ಬೆಳೆಸುವ ದಾರಿ ಸಿಕ್ಕಿತು ಅಂದುಕೊಂಡ. ನೋಡಿ, ನಾವು ಹೇಳುವುದೊಂದು, ನೀವು ಮನೆಗೆ ಒಯ್ಯುವುದು ಇನ್ನೊಂದು!

ಮರುದಿನವೇ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಮಗಳಿಗೊಂದು ಕುರ್ಚಿ ಹಾಕಿದ. ಶುರುವಾಯಿತು ಗುಂಯ್ ಗುಂಯ್.

"ನನ್ನ ಹಂಗ ಕೂಡು. ನನ್ನ ಹಂಗ ಮಾತಾಡು. ಹಂಗ ನಗಬ್ಯಾಡ, ಗಿರಾಕಿ ಅದಾರ."

ಬೆಳಿಗ್ಗೆ ಇದೇ, ಸಂಜೆ ಇದೇ, ಊಟಕ್ಕೆ ಕೂತಾಗಲೂ ಇದೇ. ಹೊಡೆಯಲಿಲ್ಲ, ಬಯ್ಯಲಿಲ್ಲ. ಪ್ರೀತಿಯಿಂದಲೇ ಹೇಳಿದ, ವರ್ಷಗಟ್ಟಲೆ ಹೇಳಿದ. ಹುಡುಗಿ ಮೆಲ್ಲಗೆ ಸುಮ್ಮನಾದಳು. ಏನು ಅಡುಗೆ ಮಾಡಲಿ ಅಂದರೆ, ನೀವು ಹೇಳಿದ್ದು. ಯಾವ ಸೀರೆ ಬೇಕು ಅಂದರೆ, ನೀವು ಕೊಡಿಸಿದ್ದು. ಶ್ರೀಮಂತನಿಗೆ ಹಿಗ್ಗೋ ಹಿಗ್ಗು. ಅವನ ಹೆಂಡತಿ ಮಾತ್ರ ಒಂದು ದಿನ ಅಂದಳು: "ರೀ, ಈ ಹುಡುಗಿ ನನ್ನ ಕೂಡ ಜಗಳಾ ಮಾಡಿ ಎಷ್ಟ ದಿನಾ ಆತು ಗೊತ್ತದ ಏನ್ರಿ? ನನಗ ಅಂಜಿಕಿ ಬರ್ತದ."

"ಹುಚ್ಚಿ, ಜಗಳಾ ಮಾಡಲಿಲ್ಲಂದ್ರೂ ಅಂಜಿಕಿನ?" ಅಂತ ಅವನು ನಕ್ಕುಬಿಟ್ಟ.

ಮಗಳಿಗೆ ಮದುವೆಯ ವಯಸ್ಸಾಯಿತು. ದೊಡ್ಡ ಮನೆತನದ ಸಂಬಂಧ ಬಂತು. "ಒಪ್ಪಿಗಿ ಏನವ್ವಾ?" ಅಂದರೆ ಅದಕ್ಕೂ "ನಿಮಗ ಸರಿ ಅನಿಸಿದ್ರ ಸರಿರಿ" ಅಂತಲೇ ಉತ್ತರ. ಒಂದು ದಿನ ಸಂಜೆ ಗಂಡಿನ ಕಡೆಯವರು ಮಾತು ಮುಗಿಸಿಕೊಂಡು ಹೋಗಲು ಬರುವವರಿದ್ದರು. ಇಡೀ ಬಾಳಿನ ಪ್ರಶ್ನೆ ತಾಯಂದಿರೇ, ಹುಡುಗಿಯ ಬಾಯಲ್ಲಿ ಹೌದೂ ಇಲ್ಲ, ಅಲ್ಲವೂ ಇಲ್ಲ!

ಅದೇ ದಿನ ಮಧ್ಯಾಹ್ನ ಗುಡಿ ಕಮಿಟಿಯವನೊಬ್ಬ ಗಂಟೆ ಕೊಳ್ಳಲು ಬಂದ. ಬಹಳ ದಿನದಿಂದ ತೂಗುಹಾಕಿದ್ದ ಕಂಚಿನ ಗಂಟೆಯನ್ನು ಆರಿಸಿ ಅಲುಗಿಸಿದರೆ ಢಣ್ ಅನ್ನಬೇಕಲ್ಲ, ದಬ್ ಅಂತು.

"ಏನ್ರಿ ಸಾವಕಾರ್ರ, ಗಂಟಿಗೆ ದನೀನ ಇಲ್ಲಲ್ಲರಿ!"

ಬಗ್ಗಿ ನೋಡಿದರೆ, ಒಳಗೆ ಮಣ್ಣಿನ ಗೂಡು. ಗಂಟೆಯ ನಾಲಿಗೆಯನ್ನು ಅದರ ಒಳಮೈಗೆ ಸೇರಿಸಿ ಮೆತ್ತಿತ್ತು ಕಣಜ. ಶ್ರೀಮಂತನಿಗೆ ಸಿಟ್ಟಿನ ಬದಲು ಸಂತೋಷವಾಯಿತು. "ಬಾ ಅವ್ವಾ ಇಲ್ಲೆ. ಹುಳಾ ಹೋಗಿ ಕಣಜ ಆಗೂದನ್ನ ಕಣ್ಣಾರೆ ನೋಡು" ಅಂತ ಸ್ಕ್ರೂಡ್ರೈವರ್‌ನಿಂದ ಒಂದು ಕೋಣೆಯನ್ನು ಒಡೆದ.

ಅಂಗೈ ಮೇಲೆ ಉದುರಿದ್ದು ಏನು? ಜೇಡಗಳು! ಸಣ್ಣ ಸಣ್ಣ ಜೇಡಗಳು, ಹಸಿರು, ಬೂದು, ಪಟ್ಟೆ ಪಟ್ಟೆಯವು. ಬಣ್ಣ ಮಾಸಿಲ್ಲ, ಕಾಲು ಮುರಿದಿಲ್ಲ, ಮೈ ಒಣಗಿಲ್ಲ. ಸತ್ತಿವೆಯೇನೋ ಅಂತ ಮುಟ್ಟಿದರೆ ಒಂದರ ಕಾಲು ಸಣ್ಣಗೆ ನಡುಗಿತು. ಅವುಗಳ ನಡುವೆ ಬೆಳ್ಳಗೆ ಕೊಬ್ಬಿದ ಒಂದು ಮರಿಹುಳ, ಒಂದು ಜೇಡಕ್ಕೆ ಬಾಯಿಟ್ಟು ತಿನ್ನುತ್ತಿದೆ. ಅರ್ಧ ಕಣಜವಾದ ಜೇಡ ಎಲ್ಲಿದೆ ಅಂತ ಶ್ರೀಮಂತ ಹುಡುಕಿಯೇ ಹುಡುಕಿದ.

"ಅವು ಏನೂ ಆಗೂದಿಲ್ಲಪ್ಪಾ" ಅಂದಳು ಮಗಳು.

ಅವನು ಬೆಚ್ಚಿಬಿದ್ದ. ಯಾರೂ ಕೇಳದೆ ಅವಳಾಗಿ ಆಡಿದ ಮಾತು ಅದು!

"ನಾ ಇಲ್ಲೆ ಕೂತು ದಿನಾ ನೋಡೇನ್ರಿ. ಜ್ಯಾಡಕ್ಕ ಒಮ್ಮೆ ಚುಚ್ಚತದ. ಅದು ಸಾಯೂದಿಲ್ಲ, ಮಿಸುಕಾಡೂದೂ ಇಲ್ಲ. ಒಂದೊಂದ್ಸಲ ಕೆಳಗ ಬಿದ್ದದ್ದು ಎತ್ತಿ ನೋಡೇನಿ. ಕಣಜ ತನ್ನ ತತ್ತಿ ಇಟ್ಟು ಬಾಗಲಾ ಮುಚ್ಚಿ ಹೋಗ್ತದ. ಮರಿ ಬರೂದು ಆ ತತ್ತಿಯಿಂದ. ಜ್ಯಾಡ ಅದರ ಬುತ್ತಿ."

"ಮತ್ತ ಆ ಗುಂಯ್ ಅನ್ನೂದು?"

"ಅದು ಹಸಿ ಮಣ್ಣ ಮೆತ್ತೂ ಸಪ್ಪಳಪ್ಪಾ. ಜ್ಯಾಡಕ್ಕ ಹೇಳೂ ಮಾತಲ್ಲ."

ಶ್ರೀಮಂತ ಅಂಗೈ ನೋಡಿದ. ಎಷ್ಟು ಚೆಂದದ ಜೇಡ! ಉಸಿರಿದೆ, ರೂಪವಿದೆ, ಬಲೆ ನೇಯುವ ಶಕ್ತಿಯೆಲ್ಲ ಒಳಗೇ ಇದೆ, ಆದರೆ ಅಲುಗಾಡುವುದಿಲ್ಲ. ಆಮೇಲೆ ಮಗಳ ಮುಖ ನೋಡಿದ.

"ಇದಕ್ಕ ನೋವು ಗೊತ್ತಾಗ್ತದೇನ ಅವ್ವಾ?"

"ಗೊತ್ತಿಲ್ಲಪ್ಪಾ. ಅದು ಹೇಳಂಗಿಲ್ಲಲ್ಲ."

ಕಮಿಟಿಯವನಿಗೆ ಅವಸರ. "ಕೆತ್ತಿ ಒಗೀರಿ ಅತ್ಲಾಗ, ನನಗ ಬಸ್ ಅದ" ಅಂದ. ಗಿರಾಕಿ ಹೇಳಿದ್ದನ್ನು ಮಾಡುವ ಅಭ್ಯಾಸದಿಂದ ಶ್ರೀಮಂತನ ಸ್ಕ್ರೂಡ್ರೈವರ್ ಹಿಡಿದ ಕೈ ಮೇಲೆದ್ದಿತು. ಮಗಳು ಆ ಕೈ ಹಿಡಿದಳು. "ಬ್ಯಾಡ್ರಿ. ಉಳಿದ ಮರಿ ಹಾರಿ ಹೋಗೂ ತನಕಾ ಇದನ್ನ ಮಾರಬ್ಯಾಡ್ರಿ."

ಗಂಟೆ ಅಂಗಡಿಯಲ್ಲೇ ಉಳಿಯಿತು. ಗಿರಾಕಿ ಗೊಣಗುತ್ತ ಬೇರೆ ಗಂಟೆ ಒಯ್ದ. ಶ್ರೀಮಂತ ಮಗಳ ಎದುರು ಕೂತು ಕೇಳಿದ: "ಸಂಜೀಕ ಬರೂ ಮಂದೀಗೆ ಏನ ಹೇಳ್ಲಿ? ನನಗ ಸರಿ ಅನಿಸಿದ್ದಲ್ಲ, ನಿನಗ ಅನಿಸಿದ್ದ ಹೇಳು." ಅವಳು ಗಂಟೆಯ ಒಳಗೊಮ್ಮೆ ಬಗ್ಗಿ ನೋಡಿ, "ನನಗ ಇನ್ನೂ ಗೊತ್ತಿಲ್ಲಪ್ಪಾ. ವಿಚಾರ ಮಾಡಿ ಹೇಳ್ತೀನ್ರಿ" ಅಂದಳು. ಅವನು ಅದನ್ನೇ ಬಂದವರಿಗೆ ಹೇಳಿದ, ಅವರ ಮುಖ ಗಂಟಾದರೂ ಹೇಳಿದ.

ಕೆಲವು ದಿನ ಕಳೆದ ಮೇಲೆ ಮುಚ್ಚಿದ್ದ ಮಣ್ಣಿನ ಬಾಗಿಲಲ್ಲಿ ಒಳಗಿನಿಂದ ತೂತು ಬಿತ್ತು. ತಂದೆ ಮಗಳು ಇಬ್ಬರೂ ಉಸಿರು ಬಿಗಿಹಿಡಿದು ನಿಂತರು. ಕಡ್ಡಿಯಂಥ ನಡುವಿನ ಹೊಸ ಕಣಜ ಹೊರಗೆ ಬಂತು, ರೆಕ್ಕೆ ನೇವರಿಸಿಕೊಂಡಿತು, ಹಾರಿತು. ನೋಡಿ, ಎಂಥ ಅದ್ಭುತ! ಕಣಜಗಳಲ್ಲಿ ಎಷ್ಟು ಜಾತಿ! ತನಗಿಂತ ದೊಡ್ಡ ಜೇಡವನ್ನು ಹಿಂದೆ ಹಿಂದೆ ನಡೆಯುತ್ತ ಎಳೆದು ನೆಲದ ಬಿಲಕ್ಕೆ ಒಯ್ಯುವುದುಂಟು. ಹೊರಲು ಹಗುರಾಗಲೆಂದು ಜೇಡದ ಕಾಲು ಕತ್ತರಿಸಿ ಒಯ್ಯುವುದುಂಟು. ನಮ್ಮ ಗೋಡೆಯ ಮೇಲೆ ಮಣ್ಣಿನ ಮನೆ ಕಟ್ಟಿ ಸಣ್ಣ ಜೇಡಗಳನ್ನು ತುಂಬುವುದುಂಟು. ಇವುಗಳಲ್ಲಿ ಯಾವ ತಾಯಿ ತನ್ನ ಮರಿಯನ್ನು ಕೂರಿಸಿಕೊಂಡು ಪಾಠ ಹೇಳುತ್ತಾಳೆ? ಬಾಗಿಲು ಮುಚ್ಚಿ ಹೋದವಳು ಮರಿಯ ಮುಖವನ್ನೂ ನೋಡುವುದಿಲ್ಲ. ಆದರೂ ಮರಿಗೆ ಮಣ್ಣಿನ ಹದ ಗೊತ್ತು, ಚುಚ್ಚುವ ಜಾಗ ಗೊತ್ತು. ಯಾರು ಕಲಿಸಿದರು? ಹೇಳಿ, ಯಾರು ಕಲಿಸಿದರು? ಕಲಿಸಿದವನಿಗೆ ನಾವು ಕೈಮುಗಿಯಬೇಕು, ಅವನ ಕುರ್ಚಿಯಲ್ಲಿ ನಾವು ಕೂರಬಾರದು.

ಮಕ್ಕಳಿಗೆ ಬುದ್ಧಿ ಹೇಳಬೇಡಿ ಅಂತ ನಾನು ಹೇಳುತ್ತಿಲ್ಲ. ಮನೆ ಕಟ್ಟಿಕೊಡಿ, ಬುತ್ತಿ ಕಟ್ಟಿಕೊಡಿ. ತಾಯಿ ಕಣಜ ಬಾಗಿಲನ್ನು ಎಷ್ಟು ತೆಳ್ಳಗೆ ಮೆತ್ತುತ್ತದೆ ಗೊತ್ತೇ? ಒಳಗಿರುವ ಮರಿ ಒಡೆದು ಬರಲು ಆಗುವಷ್ಟು! ನಿಮ್ಮ ಮನೆಯ ಬಾಗಿಲು ಹಾಗಿದೆಯೇ? ಎದುರು ಮಾತಾಡದ ಮಗು ಅಂತ ಹತ್ತು ಜನರ ಮುಂದೆ ಹೊಗಳಿಕೊಳ್ಳುತ್ತೀರಲ್ಲ, ಆ ಮಗು ಸುಮ್ಮನಿರುವುದು ಯಾಕೆ ಅಂತ ಒಮ್ಮೆಯಾದರೂ ವಿಚಾರಿಸಿದ್ದೀರಾ?

ಇವತ್ತು ಮನೆಗೆ ಹೋಗಿ ಊಟಕ್ಕೆ ಕೂತಾಗ ನಿಮ್ಮ ಮಗುವನ್ನು ಏನಾದರೂ ಕೇಳಿ. ಕೇಳಿದ ಮೇಲೆ ನೀವು ಬಾಯಿ ಮುಚ್ಚಿ. ಅದು ತಡಮಾಡಿದರೆ ಕಾಯಿರಿ, ನೀವೇ ಉತ್ತರ ಹೇಳಿಕೊಡಬೇಡಿ. ಬೇಡ ಅಂದರೆ ಸಿಡುಕಬೇಡಿ. ಬೇಡ ಅನ್ನುವಷ್ಟು ಜೀವ ನಿಮ್ಮ ಮಗುವಿನಲ್ಲಿ ಇನ್ನೂ ಉಳಿದಿದೆಯಲ್ಲ, ಅದಕ್ಕೆ ಸಂತೋಷಪಟ್ಟು ಇನ್ನೊಂದು ತುತ್ತು ಉಣ್ಣಿ.