ಮುದ್ದಮ್ಮನ ಹೆಸರಿನ ಹೊನ್ನೆ ಚಕ್ಕೆ

ಹಗರೆಯ ಹಾಲಿನ ಡೈರಿಯಲ್ಲಿ ಆ ಸಂಜೆ ನಾವು ಐದಾರು ಜನ ಮಳೆಗೆ ಸಿಕ್ಕಿಕೊಂಡಿದ್ದೆವು. ಕರೆಂಟು ಹೋಗಿ, ಕ್ಯಾನುಗಳ ನಡುವೆ ಮೊಬೈಲಿನ ಬೆಳಕೊಂದೇ ಉಳಿದಿತ್ತು. ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ, ಗೆಂಡೆಹಳ್ಳಿ ಕಡೆಯ ಕಾಡಿನಲ್ಲಿ ಹೊನ್ನೆ ಮರ ಕಂಡೆ, ಭಾನುವಾರ ಹೋಗಿ ತೊಗಟೆ ಕಿತ್ತು ತರುತ್ತೇನೆ ಎಂದು ಹಾಲು ಅಳೆಯುವ ವಿಶಾಲಮ್ಮನಿಗೆ ಹೇಳುತ್ತಿದ್ದೆ. ಮೂಲೆಯಲ್ಲಿದ್ದ ಗಿಡ್ಡಮ್ಮಜ್ಜಿ ಎಲೆಅಡಿಕೆ ಉಗಿದು ಬಂದು ನನ್ನೆದುರಿಗೇ ಕೂತಳು. ತನ್ನ ತಮ್ಮ ಷಡಕ್ಷರಪ್ಪನ ಮನೆಯಲ್ಲಿರುವ ಈ ಮುದುಕಿ ಊರಿನಲ್ಲಿ ಯಾರಿಗೂ ಹೆದರಿದವಳಲ್ಲ.

"ಮರ ಕಂಡ್ಯಾ ಟೀಚರಮ್ಮ? ಮರ ನಿನ್ನ ಕಂಡಿರ್ತೈತೆ, ಅದು ಗೊತ್ತಾ?... ಕೂತ್ಕೊ, ಮಳೆ ಈಗ್ಲೇ ಏನ್ ನಿಲ್ಲಲ್ಲ.

ಹೊನ್ನೆ ಮರಕ್ಕೆ ಒಂದು ಕಟ್ಟಳೆ ಐತೆ. ಹಿಂದಿನ ದಿನ ಸಂಜೆ ಹೋಗಿ, ಬುಡಕ್ಕೆ ಅಕ್ಕಿ ಹಾಕಿ, ಯಾರಿಗೆ ಔಸ್ದಿ ಬೇಕೋ ಅವ್ರ ಹೆಸ್ರು ಹೇಳ್ಬೇಕು. ಬೆಳಗ್ಗೆ ಹೋಗಿ ಅಂಗೈ ಅಗಲ ತಗೀಬೇಕು, ಅಷ್ಟೇಯ. ಜಾಸ್ತಿ ಕಿತ್ರೆ ಆ ಹೆಸ್ರಿನೋರಿಗೇ ಕೇಡು. ನಮ್ ಷಡಕ್ಷರಿಗೆ ಇದು ಗೊತ್ತಿರ್ಲಿಲ್ವಾ? ಚೆನ್ನಾಗೇ ಗೊತ್ತಿತ್ತು ಕಣವ್ವ. ಆದ್ರೆ ಔಸ್ದಿ ಮಾಡೋರಿಗೆ ಮೂಟೆಗಟ್ಲೆ ತೊಗಟೆ ಕೊಡ್ತೀನಿ ಅಂತ ಒಪ್ಕೊಂಡಿದ್ದ, ಮರಾನೇ ಸುಲೀಬೇಕು, ಬದುಕಿರೋರ ಹೆಸ್ರು ಹೇಳಾಕೆ ಭಯ... ಏನ್ ಮಾಡ್ದ ಗೊತ್ತಾ ಬುದ್ಧಿವಂತ? ಸತ್ತ ಹೆಂಡ್ತಿ ಮುದ್ದಮ್ಮನ ಹೆಸ್ರು ಹೇಳ್ಬಂದ. 'ಸತ್ತೋಳಿಗೆ ಇನ್ನೇನಕ್ಕ ಕೇಡು?' ಅಂತ ನನ್ ಮುಂದೇನೇ ನಕ್ಕ.

ಮುದ್ದಮ್ಮ ಹೋಗಿದ್ದೂ ಸಕ್ಕರೆ ಕಾಯ್ಲೆಲೇ. ಕಾಲು ಕೊಳೀತಾ ಬಿದ್ದಿದ್ಲು. ಹೊನ್ನೆ ಚಕ್ಕೆ ತಂದ್ಕೊಡಿ, ನೆನೆಸಿ ಕುಡೀತೀನಿ ಅಂತ ಎಷ್ಟು ಗೋಗರೆದ್ಲು... ತಂದ್ನಾ? ನಾಳೆ ನಾಳೆ ಅಂತ ಅಂದ್ಕೊಂಡೇ ಅವ್ಳನ್ನ ಮಣ್ಣಿಗಿಟ್ಟ.

ಬೆಳಗ್ಗೆ ಮಚ್ಚು ತಗೊಂಡೋದ. ಹೊನ್ನೆಗೆ ಏಟು ಬಿದ್ರೆ ಕೆಂಪು ರಸ ರಕ್ತದಂಗೇ ಸುರಿತೈತೆ. ಬುಡದಿಂದ ಕೊಂಬೆವರ್ಗೂ ಸುತ್ತ ಸುಲಿದು, ಮೂಟೆ ಲಾರಿಗೆ ಹಾಕಿ, ಕುರಿ ಕಡಿದೋನಂಗೆ ಮೊಣಕೈವರ್ಗೂ ಕೆಂಪು ಮಾಡ್ಕೊಂಡು ಬಂದ. ಅವತ್ತು ದೀಪ ಹಚ್ಚೋ ಹೊತ್ತಿಗೆ... ನಾನು ಒಲೆ ಮುಂದಿದ್ದೆ... ಒಳಕ್ಕೆ ಬಂದ್ಲು ಮುದ್ದಮ್ಮ. ಕುಂಟ್ಕೊಂಡು, ತಲೆ ತುಂಬ ಮಣ್ಣು. ಗಂಡನ ಮುಂದೆ ನಿಂತು 'ನನ್ನ ಹೆಸ್ರಲ್ಲಿ ತಂದಿದ್ದು ಕೊಡಿ' ಅಂದ್ಲು.

ಎಲ್ಲಿಂದ ತತ್ತಾನೆ? ಲಾರಿ ಆಗ್ಲೇ ಅರಸೀಕೆರೆ ದಾಟಿತ್ತು.

ಕಿರುಚ್ಲಿಲ್ಲ, ಬೈಲಿಲ್ಲ ಅವ್ಳು. ಅವನ ಪಾದದ ಹತ್ರ ಅಕ್ಕಿ ಹಾಕಿ, ತನ್ನ ಹೆಸ್ರು ತಾನೇ ಹೇಳಿ ಹೋದ್ಲು. ಬೆಳಗ್ಗೆ ಬಂದ್ಲು. ಅದೇ ಮಚ್ಚು. ಬೋರಲು ಕೆಡವಿ, ಬೆನ್ನ ಮೇಲೆ ಮೊಣಕಾಲೂರಿ, ಅಂಗೈ ಅಗಲ ಚರ್ಮ ಎತ್ತಿದ್ಲು. ಅಷ್ಟೇಯ. ಕಟ್ಟಳೆ ಮೀರ್ಲಿಲ್ಲ ಪುಣ್ಯಾತ್ಗಿತ್ತಿ. ಅವ್ಳ ಕೂದ್ಲು ಹಿಡಿದು ಎಳ್ದೆ ನಾನು. ಕೈ ತುಂಬ ಮಣ್ಣು ಬಂತು. ಚರ್ಮಾನ ಲೋಟದ ನೀರಿಗೆ ಹಾಕಿ, ನೀರು ಕೆಂಪಾಗೋವರ್ಗೂ ಕಾದು, ಕುಡಿದು, 'ಕಾಲು ನೋವು ಈಗ ಕಮ್ಮಿ ಆಯ್ತು ಕಣಕ್ಕ' ಅಂದ್ಲು.

ಮಾಡಿದ್ದುಣ್ಣೋ ಮಾರಾಯ ಅಂತ ನೀವೆಲ್ಲ ಅಂದ್ಬಿಡ್ತೀರ. ನಾನು ಕಂಕುಳಲ್ಲಿಟ್ಕೊಂಡು ಬೆಳೆಸಿದ ತಮ್ಮ ಕಣವ್ವ ಅವನು. ಹೆಂಗ್ ನೋಡ್ಕೊಂಡಿರ್ಲಿ?"

ಷಡಕ್ಷರಪ್ಪನವರ ಬೆನ್ನಿನ ಹುಣ್ಣು ಸರ್ಪಸುತ್ತು ಅಂತ ಹಾಸನದ ಡಾಕ್ಟರು ಹೇಳಿದ್ದರಲ್ಲ ಎಂದು ವಿಶಾಲಮ್ಮ ಮೆಲ್ಲಗೆ ಕೇಳಿದಳು. ಮಳೆ ಇನ್ನೂ ಹೊಯ್ಯುತ್ತಿತ್ತು. ಅಜ್ಜಿ ಖಾಲಿ ಕ್ಯಾನು ಎತ್ತಿಕೊಂಡು, ತಲೆಗೆ ಸೆರಗು ಹೊದ್ದು ಎದ್ದಳು.

"ಅಂಗೈ ಆಕಾರ್ದಲ್ಲಿ ಬತ್ತೈತಾ ಸರ್ಪಸುತ್ತು?... ವಾರವಾರ ಬತ್ತಾವ್ಳೆ. ಬೆನ್ನು ಮುಗೀತು. ಈಗ ಎದೆ ಕಡೆ ತಿರುಗಿಸ್ಕೊಂಡವ್ಳೆ. ಬಿಟ್ಬಿಡು ಅಂತ ಕೇಳೋದು ನಿಲ್ಸಿದೀನಿ ನಾನು. ಮುಖ ಒಂದು ಉಳ್ಸವ್ವ, ಮಣ್ಣು ಮಾಡೋವಾಗ ನೋಡಾಕೆ ಬೇಕು ಅಂತ ಮಾತ್ರ ಕೇಳ್ತಿದೀನಿ."